ಎಣ್ಣೆಯ ಗೆರೆ

ಆ ವರ್ಷ ರಾಜೂರಿನ ಮಡ್ಡಿಯ ಬಯಲಿನಲ್ಲಿ ವಿಮಾನ ಇಳಿಯತೊಡಗಿದಾಗ ನಾನು ಬಿ.ಎಸ್ಸಿ. ಮುಗಿಸಿ ಗಜೇಂದ್ರಗಡದ ಮನೆಯಲ್ಲಿ ಕುಳಿತು ಏಳು ತಿಂಗಳಾಗಿತ್ತು. ಕುಳಿತು ಎಂದರೆ ನಿಜವಾಗಿಯೂ ಕುಳಿತೇ. ಅಪ್ಪನ ನೂಲಿನ ಅಂಗಡಿಯ ಹಿಂದಿನ ಖೋಲಿಯಲ್ಲಿ ಕಿಟಕಿಗೆ ಬೆನ್ನು ಮಾಡಿಕೊಂಡು ದಿನಚರಿ ಬರೆಯುತ್ತಿದ್ದೆ. ಬರೆಯುವಂಥದ್ದು ಏನೂ ನಡೆಯುತ್ತಿರಲಿಲ್ಲ. ಆದರೂ ದಿನಕ್ಕೊಂದು ಪುಟ ಹೇಗೋ ತುಂಬುತ್ತಿತ್ತು. ಅಂಗಡಿಗೆ ಮಂದಿ ಬಂದರೆ ಇನ್ನೂ ಒಳಗೆ ಸರಿಯುತ್ತಿದ್ದೆ.

"ಈಶಪ್ಪಣ್ಣ, ನಿನ್ನ ಮಗಳಿಗೆ ಮಾತು ಬರ್ತಾವೋ ಇಲ್ಲೋ?" ಎಂದು ನೂಲು ಒಯ್ಯಲು ಬಂದ ನೇಕಾರರು ಕೇಳುತ್ತಿದ್ದರು.

"ಬರ್ತಾವ. ಆದ್ರ ಇಂಗ್ಲೀಷಿನ್ಯಾಗ ಬರ್ತಾವ. ನಿಮಗ ತಿಳಿಯಂಗಿಲ್ಲಂತ ಸುಮ್ಮನದಾಳ" ಎಂದು ಅಪ್ಪ ನಗುತ್ತಿದ್ದ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ವರ್ಷ ತುಂಬಿತ್ತು. ರೋಣ, ನರಗುಂದದ ಸೀಮೆಯ ಹೊಸ ನಕಾಶೆ ಮಾಡಬೇಕೆಂದು, ಮೇಲಿನಿಂದ ಫೋಟೋ ತೆಗೆಯುವ ಕೆಲಸವನ್ನು ಯಾವುದೋ ಖಾಸಗಿ ಕಂಪನಿಗೆ ಕೊಟ್ಟಿದ್ದರು. ಆ ಕಂಪನಿಯ ಹತ್ತಿರ ಇದ್ದದ್ದು ಒಂದೇ ಎಂಜಿನ್ನಿನ ಒಂದು ಸಣ್ಣ ವಿಮಾನ. ಮುಂದೆ ಪೈಲಟ್, ಹಿಂದೆ ಕ್ಯಾಮೆರಾದವರೊಬ್ಬರು, ಅಷ್ಟೇ ಜಾಗ. ಎರೆ ಹೊಲದ ಬಿರುಕಿನಲ್ಲಿ ಗಾಲಿ ಸಿಕ್ಕಿಬೀಳುತ್ತದೆಂದು ರಾಜೂರಿನ ಗಟ್ಟಿ ಗರಸು ಮಡ್ಡಿಯನ್ನು ಸಪಾಟು ಮಾಡಿ, ಮಗ್ಗುಲಿಗೆ ಒಂದು ತಗಡಿನ ಕೋಣೆ ಹಾಕಿದ್ದರು.

ವಿಮಾನದ ಎಂಜಿನ್ ನೋಡಿಕೊಳ್ಳುವವನು ಇಮಾಮಸಾಬ ಕಾಕಾ. ನಮ್ಮ ಊರವನೇ. ಮೊದಲು ನರಗುಂದದಲ್ಲಿ ಅರಳೆ ಜಿನ್ನಿನ ಎಂಜಿನ್ ನೋಡುತ್ತಿದ್ದವನು, ಯುದ್ಧದ ಕಾಲಕ್ಕೆ ವಿಮಾನ ರಿಪೇರಿಯ ಕಾರಖಾನೆ ಸೇರಿ ಹದಿನೈದು ವರ್ಷದ ನಂತರ ಈ ವಿಮಾನದ ಬೆನ್ನು ಹತ್ತಿ ಊರಿಗೆ ಬಂದಿದ್ದ. ಒಂದು ಮುಂಜಾನೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅಪ್ಪನನ್ನು ಕೇಳಿದ.

"ಈಶಪ್ಪ, ನಿನ್ನ ಮಗಳು ಅಂಕಿ ಚಂದ ಬರೀತಾಳಂತ. ಎರಡು ತಿಂಗಳು ನನಗ ಕೊಡು."

"ಕೊಡಾಕ ಆಕಿ ಏನು ಬಂಡಿ ಏನೋ ಮಾರಾಯಾ?"

"ಬಂಡಿ ಊರಾಗ ಭಾಳ ಅದಾವ. ಗ್ರಾಫ್ ಕಾಗದದ ಮ್ಯಾಲ ಗೆರಿ ಎಳಿಯೋರು ಇಲ್ಲ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಒಲ್ಲೆ ಅನ್ನಲಿ ಎಂದು ಬಯಸಿದೆನೋ, ಹೂಂ ಅನ್ನಲಿ ಎಂದು ಬಯಸಿದೆನೋ, ಈಗಲೂ ಹೇಳಲಾರೆ. ಅಲ್ಲಿ ಇನ್ನೊಬ್ಬ ಹೆಣ್ಣುಮಗಳು ಇರಬೇಕು ಎಂದು ಅಪ್ಪ ಒಂದು ಮಾತು ಹಾಕಿದ. ಅದಕ್ಕೇನು, ವಿಮಾನದ ಓಟದ ದಾರಿಯ ಮೇಲೆ ಕಲ್ಲು ಆರಿಸಲು, ಆಡು ಬೆದರಿಸಲು ರಾಜೂರಿನ ಹುಚ್ಚವ್ವ ದಿನಾ ಬರುತ್ತಾಳೆ ಎಂದ ಕಾಕಾ. ಹೀಗೆ ನಾನು ಕಂಪನಿಯ ಜೀಪಿನಲ್ಲಿ, ಗ್ರಾಫ್ ಕಾಗದದ ಸುರುಳಿ ತೊಡೆಯ ಮೇಲಿಟ್ಟುಕೊಂಡು, ಮಡ್ಡಿಗೆ ಹೋದೆ.

ಕೆಲಸ ಹೇಳಲು ಸುಲಭ. ವಿಮಾನ ಫೋಟೋ ತೆಗೆಯುವಾಗ ಹೊಲ ಹರಗಿದ ಹಾಗೆ ಹೋಗುತ್ತದೆ: ಆ ತುದಿಯಿಂದ ಈ ತುದಿಗೆ ಒಂದು ಸಾಲು, ತಿರುಗಿ ಪಕ್ಕದಲ್ಲಿ ಮತ್ತೊಂದು ಸಾಲು. ಸಾಲು ಹಿಡಿದಿರುವಾಗ ಪೈಲಟ್‌ನ ಕಣ್ಣು ಕೆಳಗಿನ ಗುರುತಿನ ಮೇಲೇ ಇರಬೇಕು. ಮುಂದಿರುವ ಗಡಿಯಾರದಂಥ ಮಾಪಕಗಳ ಮುಳ್ಳುಗಳನ್ನು ಓದಲು ಪುರಸೊತ್ತು ಸಿಗುವುದು ತುದಿಯಲ್ಲಿ ತಿರುಗುವಾಗ ಮಾತ್ರ. ಆಗ ಅವರು ರೇಡಿಯೋದಲ್ಲಿ ಮೂರು ಅಂಕಿ ಹೇಳುತ್ತಿದ್ದರು. ಎಣ್ಣೆಯ ಒತ್ತಡ, ಎಣ್ಣೆಯ ಬಿಸಿ, ಎಂಜಿನ್ನಿನ ಸುತ್ತು. ನಾನು ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಅದನ್ನು ಕೇಳಿ, ಬರೆದುಕೊಂಡು, ಕೇಳಿತು ಎಂದು ತಿಳಿಸಲು ಗುಂಡಿಯನ್ನು ಎರಡು ಸಲ ಒತ್ತಬೇಕು. ಮಾತಾಡಬೇಕಾಗಿಲ್ಲ ಎಂದು ತಿಳಿದಾಗ ನನ್ನ ಅರ್ಧ ಹೆದರಿಕೆ ಹೋಗಿತ್ತು. ಆಮೇಲೆ ರಜಿಸ್ಟರಿನಲ್ಲಿ ಅಂಕಿ ಏರಿಸಿ, ಗ್ರಾಫಿನಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರೆ ಮುಗಿಯಿತು. ಆ ಗೆರೆ ನೋಡಿ ನಾಳೆ ಈ ಎಂಜಿನ್ ಹಾರಬಹುದೋ ಬೇಡವೋ ಎಂದು ಹೇಳುವವನು ಕಾಕಾ.

"ವಿಮಾನ ಇಳದ ಮ್ಯಾಲ ಎಂಜಿನ್ ಬಿಚ್ಚಿ ನೋಡೋದು ಎಲ್ಲಾರಿಗೂ ಬರತೈತಿ ಕಳಕವ್ವ" ಎಂದು ಅವನು ಮೊದಲ ದಿನ ಹೇಳಿದ. "ಹಾರಾಕತ್ತಾಗನ ಅದರ ನಾಡಿ ಹಿಡೀಬೇಕು. ನನ್ನ ಬಳ್ಳು ಅಲ್ಲೀತನಾ ಮುಟ್ಟಂಗಿಲ್ಲ. ಅದಕ್ಕ ನಿನ್ನ ಕರಕೊಂಡ ಬಂದೀನಿ."

ಪೈಲಟ್ ಗುರುಸಂಗಪ್ಪನವರು ನರಗುಂದದ ದೊಡ್ಡ ಹೊಲಮನೆಯವರು. ಮುಂಬೈಯಲ್ಲಿ ವಿಮಾನ ಕಲಿತವರು. ರೇಡಿಯೋದಲ್ಲಿ ಇಂಗ್ಲೀಷಿನಲ್ಲೇ ಮಾತಾಡಬೇಕೆಂದು ಕಂಪನಿಯ ಕಾಗದ ಬಂದಿತ್ತಂತೆ. ಕೆಳಗೆ ಕೇಳುವವರೂ ಮೇಲೆ ಹೇಳುವವರೂ ಇದೇ ಸೀಮೆಯವರಾದ ಮೇಲೆ ಅದನ್ನು ಯಾರೂ ನೆನಪಿಡಲಿಲ್ಲ. "ಎಣ್ಣಿ ಅರವತ್ತು, ಬಿಸಿ ಎಪ್ಪತ್ತು, ಸುತ್ತು ಎರಡ ಸಾವಿರದ ನೂರು" ಎಂದು ಅವರ ಧ್ವನಿ ಬರುತ್ತಿತ್ತು, ಬಾವಿಯ ತಳದಿಂದ ಬಂದ ಹಾಗೆ. ನಾನು ಗುಂಡಿ ಒತ್ತುತ್ತಿದ್ದೆ. ಟಕ್ ಟಕ್.

ರಜಿಸ್ಟರಿನಲ್ಲಿ ಗೀಚುವುದು, ತಿದ್ದುವುದು ಕೂಡದೆಂದು ಕಂಪನಿಯ ಕಟ್ಟಪ್ಪಣೆ ಇತ್ತು. ಆದ್ದರಿಂದ ನಾನು ಕೇಳಿದ ಅಂಕಿಗಳನ್ನು ಮೊದಲು ನನ್ನ ದಿನಚರಿಯ ಎಡಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಬಲಪುಟದಲ್ಲಿ ಎಂದಿನ ಹಾಗೆ ನನ್ನ ಮಾತು. ವಿಮಾನ ಇಳಿದ ಮೇಲೆ ಎಡಪುಟದ ಅಂಕಿಗಳನ್ನು ನಿಧಾನವಾಗಿ ಮಸಿಯಲ್ಲಿ ರಜಿಸ್ಟರಿಗೆ ಏರಿಸುತ್ತಿದ್ದೆ. ಕಾಲೇಜಿನಲ್ಲಿಯೂ ಹಾಗೆಯೇ ಇತ್ತು. ಪ್ರಯೋಗಶಾಲೆಯಲ್ಲಿ ಒಂದು ಕಚ್ಚಾ ವಹಿ, ಆಮೇಲೆ ಒಂದು ಪಕ್ಕಾ ವಹಿ. ಕಚ್ಚಾದಿಂದ ಪಕ್ಕಾಕ್ಕೆ ಹೋಗುವಾಗ ಅಂಕಿಗಳಿಗೆ ಸ್ನಾನ ಮಾಡಿಸಿ, ತಲೆ ಬಾಚುವುದು ನಮಗೆಲ್ಲ ರೂಢಿ. ಒಂಬತ್ತು ಚುಕ್ಕಿ ಗೆರೆಯ ಮೇಲೆ ಕುಳಿತು ಹತ್ತನೆಯದು ಕೆಳಗೆ ಬಿದ್ದರೆ ಅದನ್ನೂ ಎತ್ತಿ ಗೆರೆಯ ಮೇಲೆ ಕೂಡಿಸುತ್ತಿದ್ದೆವು. ತಪ್ಪು ನಮ್ಮ ಕಣ್ಣಿನದು, ಪ್ರಕೃತಿಯದಲ್ಲ ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ನನ್ನ ಗೆರೆ ವರ್ಗದಲ್ಲೇ ಎಲ್ಲರಿಗಿಂತ ನುಣುಪಾಗಿರುತ್ತಿತ್ತು. ಪರೀಕ್ಷೆಯಲ್ಲಿ ಪೂರ್ತಿ ಗುಣ ಸಿಕ್ಕಿದ್ದು ಅದೊಂದಕ್ಕೇ.

ಹದಿನೈದು ದಿನ ಎಣ್ಣೆ ಅರವತ್ತರ ಆಚೀಚೆಯೇ ಇತ್ತು. ಐವತ್ತೊಂಬತ್ತು, ಅರವತ್ತು, ಅರವತ್ತೊಂದು. ಆಮೇಲೆ ಒಂದು ಸೋಮವಾರ, ಹಾರಿದ ಎರಡನೆಯ ತಾಸಿನಲ್ಲಿ, "ಎಣ್ಣಿ ಐವತ್ತೆರಡು" ಎಂದು ಬಂತು. ಬರೆದುಕೊಂಡೆ. ಗುಂಡಿ ಒತ್ತಿದೆ. ಮುಂದಿನ ಸಾಲಿನ ತುದಿಯಲ್ಲಿ ಮತ್ತೆ ಅರವತ್ತು.

ಮಧ್ಯಾಹ್ನ ರಜಿಸ್ಟರಿನ ಮುಂದೆ ಕುಳಿತು ಬಹಳ ಹೊತ್ತು ಲೇಖನಿ ಹಿಡಿದೇ ಇದ್ದೆ. ವಿಮಾನ ತಿರುಗುವಾಗ ಒಂದು ಮಗ್ಗುಲಿಗೆ ವಾಲಿರುತ್ತದೆ. ಓರೆಯಾಗಿ ನೋಡಿದರೆ ಮುಳ್ಳು ಇದ್ದ ಜಾಗಕ್ಕಿಂತ ಬೇರೆ ಕಡೆ ಕಾಣುತ್ತದೆ. ಇದು ಮೊದಲ ವರ್ಷದ ಪಾಠ. ಅವರ ಕಣ್ಣಿನ ತಪ್ಪಿಗೆ ಎಂಜಿನ್ನಿನ ಗೆರೆಯನ್ನು ಯಾಕೆ ಮುರಿಯಬೇಕು? ಐವತ್ತೆಂಟು ಎಂದು ಬರೆದೆ. ಬರೆದ ಮೇಲೆ ಗೆರೆ ಚಂದ ಕಂಡಿತು. ಕಾಕಾ ಬಂದು ಬೆರಳಿನಿಂದ ಗೆರೆಯ ಉದ್ದಕ್ಕೂ ಸವರಿದ.

"ಸಪಾಟ ಐತಿ. ಭೇಷ್."

ಮರುದಿನ ಐವತ್ತು. ಅದಾದ ಮರುದಿನ ಇಳಿಯಲೇ ಇಲ್ಲ. ನಾಲ್ಕನೆಯ ದಿನ ಐವತ್ತು, ಮತ್ತೊಂದು ಸಲ ನಲವತ್ತೆಂಟು. ಪ್ರತಿ ಸಲವೂ ಎರಡನೆಯ ತಾಸಿನಲ್ಲಿಯೇ, ಪ್ರತಿ ಸಲವೂ ಮುಂದಿನ ತುದಿಗೆ ಸರಿ. ಪ್ರತಿ ಸಲವೂ ನಾನು ಐವತ್ತೆಂಟು ಎಂದೇ ಬರೆದೆ. ಮೊದಲನೆಯದನ್ನು ತಿದ್ದಿದ ಮೇಲೆ ಎರಡನೆಯದನ್ನು ಹಾಗೆಯೇ ಬರೆದರೆ ಮೊದಲನೆಯದು ಸುಳ್ಳಾಗುತ್ತದಲ್ಲ. ಎರಡನೆಯದನ್ನೂ ತಿದ್ದಿದ ಮೇಲೆ ಮೂರನೆಯದಕ್ಕೆ ಬೇರೆ ದಾರಿಯೇ ಇರಲಿಲ್ಲ. ಹಾಗೆಂದು ನಾನು ತಿಳಿದೇ ಸುಳ್ಳು ಬರೆದೆ ಎಂದೂ ಹೇಳಲಾರೆ. ಎಡಪುಟ ತೆರೆದಾಗ ಎಂಜಿನ್ನಿಗೆ ಏನೋ ಆಗಿದೆ ಅನ್ನಿಸುತ್ತಿತ್ತು. ರಜಿಸ್ಟರು ತೆರೆದಾಗ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಎರಡೂ ನನ್ನದೇ ಅಕ್ಷರ.

ಐದನೆಯ ದಿನ ಧೈರ್ಯ ಮಾಡಿ ಕೇಳಿದೆ. "ಕಾಕಾ, ಮುಳ್ಳು ಒಮ್ಮೊಮ್ಮೆ ಸುಳ್ಳು ತೋರಸ್ತಾವೇನ್ರಿ?"

ಅವನು ಚಹಾದ ಬಶಿಯನ್ನು ಊದುತ್ತಿದ್ದ. "ಮುಳ್ಳಿಗೇನವ್ವ, ಮನಷ್ಯಾರಂಗ ಅದಕ್ಕೂ ಒಂದಿನ ತಲಿ ಕೆಡತೈತಿ. ಅದಕ್ಕ ನಾ ಮುಳ್ಳು ನೋಡಂಗಿಲ್ಲ, ಗೆರಿ ನೋಡ್ತೀನಿ. ಒಂದ ಮುಳ್ಳು ಸುಳ್ಳಾಡಬಹುದು, ಹದಿನೈದ ದಿನದ ಗೆರಿ ಸುಳ್ಳಾಡಂಗಿಲ್ಲ. ಯಾಕ ಕೇಳಿದಿ?"

"ಸುಮ್ಮನ" ಎಂದೆ.

ಪಕ್ಕದಲ್ಲಿ ಕುಳಿತಿದ್ದ ಹುಚ್ಚವ್ವ ನನ್ನ ಮುಖ ನೋಡಿದಳು. "ಇಮಾಮಣ್ಣ, ಸುಮ್ಮನ ಕೇಳೂವಂಥ ಹುಡಿಗಿ ಅಲ್ಲದು. ಬಂದು ಇಪ್ಪತ್ತು ದಿನ ಆತು, ಇವತ್ತ ಮೊದಲ ಬಾಯಿ ತಗದಾಳ."

"ನೀ ನಿನ್ನ ಆಡು ನೋಡ ಹೋಗ, ಅಲ್ಲಿ ಓಟದ ಹಾದಿ ಮ್ಯಾಲ ಜಾತ್ರಿ ಮಾಡಾಕತ್ತಾವ."

"ನನ್ನ ಆಡಲ್ಲ ಅವು. ನನ್ನ ಆಡಾಗಿದ್ರ ಇಷ್ಟೊತ್ತಿಗೆ ನಿನ್ನ ವಿಮಾನ ಮೇಯ್ತಿದ್ದುವು" ಎಂದು ಬೈಯುತ್ತ ಅವಳು ಎದ್ದು ಹೋದಳು. ಮಾತು ಅಲ್ಲಿಗೇ ಮುರಿಯಿತು. ನನಗೆ ಹಾಯೆನಿಸಿತೋ ಕೆಡುಕೆನಿಸಿತೋ ತಿಳಿಯದು. ಆ ದಿನದ ಬಲಪುಟದಲ್ಲಿ, 'ಹೇಳಬೇಕಿತ್ತು. ಆದರೆ ಏನನ್ನು?' ಎಂದು ಬರೆದಿದ್ದೇನೆ. ಅದರ ಕೆಳಗೆ ಕಾಕಾನ ಬಗ್ಗೆಯೂ ಒಂದು ಮಾತಿದೆ: ಅವನಿಗೆ ಗೆರೆಯ ಮೇಲಿರುವ ನಂಬಿಗೆ ಎಳೆದವಳ ಮೇಲೂ ಇದ್ದರೆ ನನಗೆ ಅಂಜಿಕೆಯಾಗುತ್ತದೆ ಎಂದು.

ಹೀಗೆ ಎಂಟು ದಿನವಾಯಿತು.

ಒಂಬತ್ತನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಹೊಳೆಆಲೂರಿನ ಕಡೆಯ ಕೆಲಸ ಮುಗಿದು, ಆ ದಿನಕ್ಕೆ ಸೂಡಿಯ ಮೇಲಿನ ಮೂರು ಸಾಲು ಮಾತ್ರ ಉಳಿದಿದ್ದವು. ಮೊದಲನೆಯ ಸಾಲಿನ ತುದಿಯಲ್ಲಿ ಧ್ವನಿ ಬಂತು.

"ಎಣ್ಣಿ ನಲವತ್ತೊಂದು."

ಬಿಸಿ, ಸುತ್ತು ಬರಲಿಲ್ಲ. ಅದರ ಬದಲು, "ಕಳಕವ್ವಾರ, ಇಮಾಮಣ್ಣನ್ನ ಕರೀರಿ" ಎಂದರು.

ಕರೆಯಬೇಕಾಗಲಿಲ್ಲ. ನಾನು ಎದ್ದು ಬಾಗಿಲಿಗೆ ಬಂದದ್ದನ್ನು ಕಂಡೇ ಕಾಕಾ ಕೈ ಒರೆಸಿಕೊಳ್ಳುತ್ತ ಓಡಿ ಬಂದ. ನಾನು ಕಿವಿಯಿಂದ ಯಂತ್ರ ತೆಗೆದು ಧ್ವನಿಯನ್ನು ರೇಡಿಯೋದ ಪೆಟ್ಟಿಗೆಗೆ ಬಿಟ್ಟೆ. ಈಗ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

"ಹೇಳ್ರಿ ಸಾಹೇಬ್ರ."

"ಎಣ್ಣಿ ನಲವತ್ತೊಂದರ ಮ್ಯಾಲ ನಿಂತೈತಿ. ಈ ಸಲ ತಿರುಗಿ ಏರವಲ್ದು."

"ಬಿಸಿ ಎಷ್ಟೈತ್ರಿ?"

"ಎಪ್ಪತ್ತೆರಡು."

"ಬಿಸಿ ಏರಿಲ್ಲ" ಎಂದು ಕಾಕಾ ತನಗೇ ಹೇಳಿಕೊಂಡ. ರಜಿಸ್ಟರು ಎಳೆದು ಗ್ರಾಫಿನ ಹಾಳೆ ಬಿಚ್ಚಿದ. ಎಂಟು ದಿನದ ನನ್ನ ಗೆರೆ ಮೇಜಿನ ಮೇಲೆ ಬಿದ್ದುಕೊಂಡಿತ್ತು. ಅವನು ಅದರ ಮೇಲೆ ಬೆರಳು ಓಡಿಸಿದ. ಒಮ್ಮೆ, ಮತ್ತೊಮ್ಮೆ. ಅವನ ಮುಖದ ಮೇಲಿನ ಗಂಟು ಮೆಲ್ಲಗೆ ಸಡಿಲಾದದ್ದನ್ನು ನಾನು ಕಂಡೆ.

"ಸಾಹೇಬ್ರ, ನಿನ್ನೀತನಾ ಗೆರಿ ಸಪಾಟ ಐತ್ರಿ. ಎಂಜಿನ್ ಕೆಡೂದಿದ್ರ ನಾಕು ದಿನ ಮೊದಲ ಸುಳಿವು ಕೊಡತೈತಿ. ಇದು ಮುಳ್ಳಿಂದ ದೋಷ ಇರಬೇಕು, ಇಲ್ಲಾ ಅದರ ನಳಿಗಿದು. ಎರಡ ಸಾಲು ಉಳದಾವಲ್ರಿ, ಸಾವಕಾಶ ಮುಗಿಸಿಕೊಂಡ..."

"ಕಾಕಾ."

ಅವನು ಕೈ ಮಾಡಿ ತಡೆದ. ಅವನು ರೇಡಿಯೋದಲ್ಲಿದ್ದಾಗ ಯಾರೂ ನಡುವೆ ಮಾತಾಡುವ ಹಾಗಿರಲಿಲ್ಲ.

ಆ ಹೊತ್ತಿನಲ್ಲಿಯೂ ನನಗೆ ಖಾತ್ರಿ ಇರಲಿಲ್ಲ. ಮುಳ್ಳೇ ಕೆಟ್ಟಿರಬಹುದು. ಎಂಟು ದಿನವೂ ಮುಳ್ಳೇ ಕೆಟ್ಟಿದ್ದರೆ? ಆಗ ನಾನು ತಿದ್ದಿದ್ದೇ ಸರಿ, ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅರ್ಧ ತಾಸಿನಲ್ಲಿ ಇಬ್ಬರೂ ಇಳಿದು ಚಹಾ ಕುಡಿಯುತ್ತಾರೆ. ಆದರೆ ಕಾಕಾ ಆ ಮಾತನ್ನು ಹೇಳುತ್ತಿರುವುದು ನನ್ನ ಗೆರೆ ನೋಡಿ, ಎಂಜಿನ್ ನೋಡಿ ಅಲ್ಲ. ಅವನ ಬೆರಳು ಈಗಲೂ ಅದರ ಮೇಲಿತ್ತು. ದಿನಚರಿ ತೆರೆದು ಅವನ ಬೆರಳಿನ ಕೆಳಗೆ ದೂಡಿದೆ.

"ಗೆರಿ ಖರೇ ಇಲ್ಲ ಕಾಕಾ. ಇದು ಖರೇ."

"ಏನಿದು?"

"ಸಾಹೇಬ್ರು ಹೇಳಿದ ಅಂಕಿ. ನಾನು... ಏರಿಸುವಾಗ ಸರಿ ಮಾಡಿ ಬರದೀನಿ."

ಅವನು ಹಾಳೆ ತಿರುವಿದ. ಐವತ್ತೆರಡು. ಐವತ್ತು. ನಲವತ್ತೆಂಟು. ನಲವತ್ತೇಳು. ನಲವತ್ತೈದು. ಎಲ್ಲದರ ಎದುರಿಗೂ ಹೊತ್ತು ಬರೆದಿದ್ದೆ, ಎಲ್ಲವೂ ಎರಡನೆಯ ತಾಸಿನವು. ಬಲಪುಟದಲ್ಲಿ ನನ್ನ ಮಾತುಗಳೆಲ್ಲ ಬಿಚ್ಚಿಕೊಂಡು ಬಿದ್ದಿದ್ದವು. ಅವನ ಕಣ್ಣು ಒಮ್ಮೆ ಆ ಕಡೆ ಹೋಯಿತೋ ಇಲ್ಲವೋ, ನಾನು ನೋಡಲಿಲ್ಲ.

ಅವನು ದಿನಚರಿಯನ್ನು ತೆರೆದೇ ಮೇಜಿನ ಮೇಲಿಟ್ಟ. ರೇಡಿಯೋದ ಗುಂಡಿ ಒತ್ತಿದ.

"ಸಾಹೇಬ್ರ, ಈಗ ಹೇಳಿದ್ದು ಬಿಡ್ರಿ. ಸಾಲು ಬಿಡ್ರಿ. ಎತ್ತರ ಎಷ್ಟೈತಿ?"

"ಒಂಬತ್ತ ಸಾವಿರ ಫೂಟು. ಯಾಕ?"

"ಎಂಜಿನ್ ಸಾವಕಾಶ ಮಾಡಿ ಮಡ್ಡೀ ಕಡೆ ಮುಖ ಮಾಡ್ರಿ. ಎತ್ತರ ಒಮ್ಮೆಲೇ ಕಳಕೋಬ್ಯಾಡ್ರಿ. ಎಂಜಿನ್ ನಿಂತ್ರೂ ತೇಲಿ ಬರೂವಷ್ಟು ಇಟಗೊಂಡ ಬರ್ರಿ. ಎಂಟ ದಿನದಿಂದ ಇಳ್ಯಾಕತ್ತೈತಿ ಅದು."

"ತಿಳೀತು" ಎಂದಿತು ಧ್ವನಿ.

ಕಾಕಾ ನನ್ನತ್ತ ತಿರುಗದೆಯೇ, "ನಿಮಿಷಕ್ಕೊಮ್ಮೆ ಎಣ್ಣಿ ಕೇಳು. ಬಾಯಿಲೆ ಕೇಳು. ಬಂದ ಅಂಕಿ ಒದರಿ ಹೇಳು. ನಾ ಹೊರಗಿರ್ತೀನಿ" ಎಂದು ನೀರಿನ ಡಬ್ಬಿ, ಕಂಬಳಿ ತೆಗೆದುಕೊಂಡು ಓಡಿದ.

ಗುಂಡಿ ಒತ್ತಿ ಹಿಡಿದೆ. ಇಪ್ಪತ್ನಾಲ್ಕು ದಿನದಲ್ಲಿ ಆ ಯಂತ್ರದೊಳಗೆ ನಾನು ಒಂದು ಶಬ್ದವನ್ನೂ ಬಿಟ್ಟಿರಲಿಲ್ಲ. "ಎಣ್ಣಿ ಎಷ್ಟ್ರಿ?" ಎಂದೆ.

"ಮೂವತ್ತೆಂಟು."

"ಮೂವತ್ತೆಂಟು" ಎಂದು ಬಾಗಿಲ ಕಡೆಗೆ ಒದರಿದೆ. ಹೊರಗೆ ಹುಚ್ಚವ್ವ ಅದನ್ನೇ ಹಿಡಿದು ಇನ್ನೂ ದೊಡ್ಡ ಧ್ವನಿಯಲ್ಲಿ ಮಡ್ಡಿಯ ಆ ತುದಿಗೆ ಮುಟ್ಟಿಸಿದಳು. ಅದರ ಅರ್ಥ ಅವಳಿಗೇನು ಗೊತ್ತು, ಆದರೆ ಆಡು ಬೆದರಿಸಿದ ಗಂಟಲು ಅದು. ಮೂವತ್ತೆಂಟು. ಮೂವತ್ತೇಳು. ಮೂವತ್ತೇಳು. ಮತ್ತೆ ನಲವತ್ತೆರಡು. ಒಮ್ಮೆಲೆ ಏರಿದ್ದು ಯಾಕೆ? ಹಾಗಾದರೆ ಎಲ್ಲ ಸರಿ ಇತ್ತೇನು? ನಾನೇ ಸುಮ್ಮನೆ ಗೊಂದಲ ಎಬ್ಬಿಸಿದೆನೇನು? ಕೈ ತಾನಾಗಿ ನಲವತ್ತೆರಡು ಎಂದು ಬರೆಯಿತು, ಬಾಯಿ ನಲವತ್ತೆರಡು ಎಂದಿತು. ಆಮೇಲೆ ಮೂವತ್ತೊಂದು. ಆಮೇಲೆ ಇಪ್ಪತ್ತಾರು. "ಎಂಜಿನ್ ನಡಗಾಕತ್ತೈತಿ. ಬಂದ ಮಾಡ್ತೀನಿ" ಎಂದರು ಗುರುಸಂಗಪ್ಪನವರು, ಹೊಲದಲ್ಲಿ ಎತ್ತಿನ ಗಳೆ ಬಿಡುತ್ತೇನೆ ಅನ್ನುವಷ್ಟು ಮೆಲ್ಲಗೆ.

ವಿಮಾನ ಸಪ್ಪಳವಿಲ್ಲದೆ ಬಂತು. ಅದುವರೆಗೆ ನಾನು ಅದನ್ನು ಸಪ್ಪಳವಾಗಿಯೇ ತಿಳಿದಿದ್ದೆ; ಸಪ್ಪಳ ತೆಗೆದರೆ ಅದು ಇಷ್ಟು ಸಣ್ಣದು ಎಂದು ಗೊತ್ತಿರಲಿಲ್ಲ. ಗುಡ್ಡದ ಅಂಚು ದಾಟಿ, ಓಟದ ದಾರಿಯ ನಡುವೆ ಕುಳಿತು, ಒಂದು ಸಲ ಪುಟಿದು, ದಾರಿ ಮುಗಿದ ಮೇಲೂ ಹತ್ತು ಮಾರು ಕುರುಚಲು ಗಿಡಗಳಲ್ಲಿ ನುಗ್ಗಿ ನಿಂತಿತು. ಇಬ್ಬರೂ ಇಳಿದರು. ಕ್ಯಾಮೆರಾದವರು ಇಳಿದವರೇ ನೆಲದ ಮೇಲೆ ಕುಳಿತುಬಿಟ್ಟರು.

ಎಂಜಿನ್ ಆರುವವರೆಗೆ ಕಾದು, ಕಾಕಾ ಎಣ್ಣೆ ಬಸಿದ. ಹುಚ್ಚವ್ವ ಕೊಟ್ಟ ಹಳೆಯ ಧೋತರದ ತುಂಡಿನಲ್ಲಿ ಸೋಸಿದ. ಎಣ್ಣೆ ಇಳಿದು ಹೋದ ಮೇಲೆ ಬಟ್ಟೆಯಲ್ಲಿ ಬೆಳ್ಳಗೆ, ರಂಗೋಲಿ ಪುಡಿಯ ಹಾಗೆ, ಲೋಹದ ಚೂರು ಮಿನುಗಿದವು. ಒಳಗಿನ ಬೇರಿಂಗು ಸವೆಯುತ್ತಿತ್ತು. ಅದರ ಚೂರು ಎಣ್ಣೆಯ ಒತ್ತಡ ಕಾಯುವ ಸಣ್ಣ ಬಾಗಿಲಿಗೆ ಸಿಕ್ಕಾಗ ಮುಳ್ಳು ಇಳಿಯುತ್ತಿತ್ತು, ಚೂರು ಕೊಚ್ಚಿ ಹೋದಾಗ ಮತ್ತೆ ಏರುತ್ತಿತ್ತು. ಇದನ್ನೆಲ್ಲ ಕಾಕಾ ಗುರುಸಂಗಪ್ಪನವರಿಗೆ ಹೇಳುತ್ತಿದ್ದ. ನಾನು ಹಿಂದೆ ನಿಂತು ಕೇಳಿಸಿಕೊಂಡೆ.

"ಇನ್ನೂ ಎಷ್ಟ ಹೊತ್ತು ಬರ್ತಿತ್ತು ಇದು?" ಎಂದು ಅವರು ಕೇಳಿದರು.

"ಹತ್ತ ತಾಸು ಬರ್ತಿತ್ತೋ, ಹತ್ತ ನಿಮಿಷ ಬರ್ತಿತ್ತೋ. ಅದನ್ನ ಹೇಳಾಕ ನಾ ಯಾರು."

ಅಷ್ಟರಲ್ಲಿ ರಾಜೂರಿನ ಮಂದಿ ಸೇರಿದ್ದರು. ಹುಚ್ಚವ್ವ ನಡುವೆ ನಿಂತು ಕಥೆ ಕಟ್ಟಿ ಆಗಿತ್ತು. ಈಶಪ್ಪನ ಮಗಳು ಪುಸ್ತಕ ತೆಗೆದು ತೋರಿಸಿದಳು, ಅದರಲ್ಲಿ ಎಲ್ಲ ಬರೆದಿತ್ತು, ಅದನ್ನು ಓದಿ ಇಮಾಮಣ್ಣ ವಿಮಾನ ತಿರುಗಿಸಿದ. ಒಂದೂ ಸುಳ್ಳಲ್ಲ. "ಎರಡು ಜೀವ ಉಳಿಸಿದಿ ಯವ್ವಾ" ಎಂದು ಒಬ್ಬ ಮುದುಕಿ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ಸಂಜೆಯೊಳಗೆ ಆ ಮಾತು ಗಜೇಂದ್ರಗಡಕ್ಕೆ ಮುಟ್ಟುತ್ತದೆ, ಅಪ್ಪ ಅಂಗಡಿಯಲ್ಲಿ ಕುಳಿತು ಎಲ್ಲರಿಗೂ ಹೇಳುತ್ತಾನೆ. ಕಾಕಾ ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ.

ಮಂದಿ ಕರಗಿದ ಮೇಲೆ ಅವನ ಬಳಿ ಹೋದೆ. "ಕಾಕಾ, ಸಾಹೇಬ್ರಿಗೆ ಹೇಳೀರೇನ್ರಿ?"

"ಎಂಜಿನ್ನಿಂದು ಹೇಳೀನಿ. ನಿಂದು ನಾ ಯಾಕ ಹೇಳ್ಲಿ? ಹೇಳೂದಿದ್ರ ನೀ ಹೇಳು. ಇಲ್ಲಾ ಬಿಡು. ಮಂದಿ ಹೊಗಳಾಕತ್ತಾರ, ಹೊಗಳಿಸಿಕೋ." ಆಮೇಲೆ ತಡೆಯಲಾರದೆ, "ಆ ಗೆರಿ ಮ್ಯಾಲ ಬಳ್ಳಿಟ್ಟು ನಾ ಆ ಮನಷ್ಯಾಗ ಸಾಲು ಮುಗಿಸಿ ಬಾ ಅಂದಿದ್ದೆ ಕಳಕವ್ವ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಗುರುಸಂಗಪ್ಪನವರು ಕೋಣೆಯ ನೆರಳಿನಲ್ಲಿ ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಳಿತಿದ್ದರು. ಧ್ವನಿಯಲ್ಲಿ ಪರಿಚಿತರು, ಎದುರಿಗೆ ಅವರೊಂದಿಗೆ ನಾನು ಮಾತಾಡಿಯೇ ಇರಲಿಲ್ಲ. ದಿನಚರಿಯನ್ನೂ ರಜಿಸ್ಟರನ್ನೂ ಪಕ್ಕಪಕ್ಕ ಹಿಡಿದು ನಿಂತೆ.

"ಬರ್ರಿ ಕಳಕವ್ವಾರ. ನಿಮ್ಮ ಪುಸ್ತಕ ಇರಲಿಲ್ಲಂದ್ರ ಇವತ್ತ ನಮ್ಮ ಮನ್ಯಾಗ ಅಳ್ತಿದ್ರು."

"ಪುಸ್ತಕದಾಗಿದ್ದದ್ದನ್ನ ನಾ ರಜಿಸ್ಟರಿನ್ಯಾಗ ಬರೀಲಿಲ್ರಿ" ಎಂದೆ. ಮುಂದಿನದು ಒಂದೇ ಉಸಿರಿಗೆ ಬಂತು. ಸೋಮವಾರದ ಐವತ್ತೆರಡು, ಅದನ್ನು ಐವತ್ತೆಂಟು ಮಾಡಿದ್ದು, ಕಾಲೇಜು, ಕಚ್ಚಾ ವಹಿ, ಓರೆಯಾಗಿ ನೋಡಿದರೆ ಮುಳ್ಳು ತಪ್ಪು ಕಾಣುವುದು, ಎಂಟು ದಿನ. ಅವರು ಎರಡೂ ಪುಟಗಳನ್ನು ನೋಡಿದರು. ಮುಖದ ಮೇಲಿನ ನಗೆ ಎಲ್ಲಿ ಹೋಯಿತೆಂದು ನನಗೆ ತಿಳಿಯಲಿಲ್ಲ.

"ಸೋಮವಾರ" ಎಂದರು. "ಆ ಮುಳ್ಳು ಇಳಿದದ್ದನ್ನ ಮೊದಲ ನೋಡಿದವ ನಾನಽ ಅಲ್ಲೇನ್ರಿ? ನಾನಽ ಓದಿ ಹೇಳೀನಿ ನಿಮಗ."

"ಹೌದ್ರಿ."

"ನನಗ ಅವತ್ತ ಎದಿ ಧಸಕ್ಕಂದಿತ್ತು. ಇಳದ ಮ್ಯಾಲ ಇಮಾಮಣ್ಣನ್ನ ಕೇಳಬೇಕಂದಿದ್ದೆ. ಇಳದೆ. ಯಾರೂ ಏನೂ ಅನಲಿಲ್ಲ. ಕೆಳಗ ಬರಕೊಳ್ಳಾಕತ್ತಾರ, ಗೆರಿ ಎಳ್ಯಾಕತ್ತಾರ, ಏನಾರ ಇದ್ರ ಅವರಽ ಹೇಳ್ತಾರಂತ ಬಿಟ್ಟೆ. ನೀವು ಬರೂಕಿಂತ ಮೊದಲ ನಾನಽ ನೆನಪಿಟಗೊಂಡು ದಿನಾ ಇಮಾಮಣ್ಣನ್ನ ಕೇಳ್ತಿದ್ದೆ." ಅವರು ರಜಿಸ್ಟರನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. "ನಿಮ್ಮನ್ನ ಬೈಯಬೇಕೋ ನನ್ನ ನಾನು ಬೈಕೋಬೇಕೋ ತಿಳೀವಲ್ದು. ಇವತ್ತ ಬ್ಯಾಡ. ಇವತ್ತ ಇಬ್ರೂ ಸುಮ್ಮನಿರೂಣು."

ಆ ರಾತ್ರಿ ದಿನಚರಿಯಲ್ಲಿ ಏನೂ ಬರೆಯಲಿಲ್ಲ. ಮರುದಿನ ರಜಿಸ್ಟರಿನ ಎಂಟು ದಿನದ ಅಂಕಿಗಳ ಮೇಲೆ ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೇಳಿದ ಅಂಕಿ ಬರೆದು, ಪ್ರತಿಯೊಂದಕ್ಕೂ ಸಹಿ ಹಾಕಿದೆ. ಗ್ರಾಫಿನ ಗೆರೆ ಆಡು ಮೇಯ್ದ ಬೇಲಿಯ ಹಾಗಾಯಿತು. ಕಂಪನಿಯವರು ನನ್ನನ್ನು ಬಿಡಿಸುತ್ತಾರೆಂದು ಕಾದೆ. ಅವರಿಂದ ಬಂದದ್ದು ಹೊಸ ಎಂಜಿನ್ನು, ಮೂರು ವಾರದ ನಂತರ, ಹೊಳೆಆಲೂರಿನ ಸ್ಟೇಷನ್ನಿಗೆ, ಕಟ್ಟಿಗೆಯ ಪೆಟ್ಟಿಗೆಯಲ್ಲಿ. ನನ್ನ ಬಗ್ಗೆ ಒಂದು ಅಕ್ಷರವಿಲ್ಲ. ಕ್ಷಮಿಸಿದರೋ, ರಜಿಸ್ಟರನ್ನು ಯಾರೂ ತೆರೆದೇ ನೋಡಲಿಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಜೀಪು ಮನೆಯ ಮುಂದೆ ಬಂದು ನಿಂತಾಗ ಕಾಕಾ, "ಜೀಪ ಹತ್ತು" ಎಂದಷ್ಟೇ ಹೇಳಿದ.

ಹೊಸ ಎಂಜಿನ್ ಹಾರಿದ ಮೊದಲ ದಿನ, ಮೊದಲ ಸಾಲಿನ ತುದಿಯಲ್ಲಿ ಗುರುಸಂಗಪ್ಪನವರು ಅಂಕಿ ಹೇಳಿದರು. "ಎಣ್ಣಿ ಎಪ್ಪತ್ತೊಂದು."

ಎಪ್ಪತ್ತೊಂದು ನಾವು ಎಂದೂ ಕೇಳಿದ ಅಂಕಿಯಲ್ಲ. ಹೊಸದಕ್ಕೆ ಹಾಗಿರುತ್ತದೋ, ಎಲ್ಲಿಯೋ ಏನೋ ಕಟ್ಟಿಕೊಂಡಿದೆಯೋ? ಹೆಚ್ಚಾದರೆ ಒಳ್ಳೆಯದೋ ಕೆಟ್ಟದ್ದೋ? ಗುಂಡಿ ಒತ್ತಿ, "ಎಪ್ಪತ್ತೊಂದು. ಹೌದಲ್ರಿ?" ಎಂದೆ.

"ಹೌದು. ಎಪ್ಪತ್ತೊಂದು. ಹೊಳ್ಳಿ ನೋಡೀನಿ."

ಕಾಕಾನನ್ನು ಕರೆದು ಎಡಪುಟ ತೋರಿಸಿದೆ. ಅವನು ಅಂಕಿಯನ್ನು ನೋಡಿದ. ಹೊರಗೆ ಹೋಗಿ ಆಕಾಶದತ್ತ ಕಿವಿಗೊಟ್ಟು ನಿಂತ. ತಿರುಗಿ ಬಂದು ಮತ್ತೆ ನೋಡಿದ.

"ಯಾಕ ಕಾಕಾ ಇಷ್ಟಾತು?"

"ನನಗೂ ಗೊತ್ತಿಲ್ಲವ್ವ" ಎಂದ. "ಇನ್ನೊಂದ ಸಾಲು ನೋಡೂಣು. ಅದಕ್ಕೂ ಹಿಂಗ ಇದ್ರ ಇಳಸೂಣು. ನೀ ಬರಿ."

ಎಪ್ಪತ್ತೊಂದು ಎಂದು ನೇರವಾಗಿ ರಜಿಸ್ಟರಿನಲ್ಲಿ, ಮಸಿಯಲ್ಲಿ ಬರೆದೆ. ಇಬ್ಬರೂ ಮುಂದಿನ ಅಂಕಿಗಾಗಿ ಕುಳಿತೆವು.